ಊಟದ ಕಾಯಿಲೆಗಳು ಮತ್ತು ಕರುಳಿನ ಬ್ಯಾಕ್ಟೀರಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಾಸರಗೋಡಿನ ಕಡೆ ಮಗಳು ಊಟ ಬಿಟ್ಟರೆ ಮನೆಯವರು ಮೊದಲು ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ವೈದ್ಯರಲ್ಲಿ ಪ್ರಶ್ನೆ ಕೇಳುವ ಸರದಿ ಬರುವಾಗ ಆರು ತಿಂಗಳು ಕಳೆದಿರುತ್ತದೆ. ನಾನು ಬದಿಯಡ್ಕದ ಕಡೆಯವಳು, ಮಂಗಳೂರಿನಲ್ಲಿ ಪಥ್ಯಾಹಾರ ತಜ್ಞೆಯಾಗಿ ಕೆಲಸ ಮಾಡುತ್ತೇನೆ. ಆಸ್ಪತ್ರೆಯ ವರಾಂಡದಲ್ಲಿ, ತಲಪಾಡಿ ದಾಟುವ ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತಾಗಲೂ ಕೇಳಿಸಿಕೊಂಡ ಪ್ರಶ್ನೆಗಳು ಇವು. ಈಗ ಎರಡು ಮೂರು ವರ್ಷಗಳಿಂದ ಅವಕ್ಕೆ ಹೊಸದೊಂದು ಸೇರಿಕೊಂಡಿದೆ: "ಇದೆಲ್ಲ ಹೊಟ್ಟೆಯ ಬ್ಯಾಕ್ಟೀರಿಯಾದಿಂದ ಆಗುವುದಂತೆ, ಹೌದೇ?" ಮೊಬೈಲಿನಲ್ಲಿ ಯಾರೋ ಕಳುಹಿಸಿದ ವಿಡಿಯೋ ಅದರ ಹಿಂದೆ ಇದ್ದೇ ಇರುತ್ತದೆ. ವಿಡಿಯೋದ ಕೊನೆಯಲ್ಲಿ ಮಾರಾಟಕ್ಕೆ ಒಂದು ಡಬ್ಬಿಯೂ ಇರುತ್ತದೆ.

ಊಟ ಸೇರದಿರುವುದೆಲ್ಲ ಊಟದ ಕಾಯಿಲೆಯೇ?

ಅಲ್ಲ. ಜ್ವರ ಬಂದಾಗಲೂ ಊಟ ಸೇರುವುದಿಲ್ಲ, ಪರೀಕ್ಷೆಯ ಹಿಂದಿನ ದಿನವೂ ಸೇರುವುದಿಲ್ಲ. ವೈದ್ಯರು ಈಟಿಂಗ್ ಡಿಸಾರ್ಡರ್ ಎನ್ನುವುದನ್ನು ನಾನಿಲ್ಲಿ ಊಟದ ಕಾಯಿಲೆ ಎಂದು ಕರೆಯುತ್ತಿದ್ದೇನೆ. ಮುಖ್ಯವಾದವು ಮೂರು. ಅನೊರೆಕ್ಸಿಯಾ ನರ್ವೋಸಾದಲ್ಲಿ ದಪ್ಪವಾಗುವ ಭಯದಿಂದ ತಿನ್ನುವುದನ್ನು ಕಡಿಮೆ ಮಾಡುತ್ತಲೇ ಹೋಗುತ್ತಾರೆ. ಮೈಯಲ್ಲಿ ಎಲುಬು ಮಾತ್ರ ಉಳಿದಿದ್ದರೂ ಕನ್ನಡಿಯಲ್ಲಿ ದಪ್ಪವೇ ಕಾಣುತ್ತದೆ. ಬುಲಿಮಿಯಾದಲ್ಲಿ ಒಮ್ಮೆಲೇ ಮಿತಿಮೀರಿ ತಿಂದು, ಆಮೇಲೆ ವಾಂತಿ ಮಾಡಿಯೋ ಭೇದಿ ಮಾತ್ರೆ ನುಂಗಿಯೋ ಹೊರಹಾಕುತ್ತಾರೆ. ಹೆಚ್ಚಿನವರ ತೂಕ ಮಾಮೂಲಿಯಾಗಿಯೇ ಇರುವುದರಿಂದ ಒಂದೇ ಮನೆಯಲ್ಲಿರುವವರಿಗೂ ವರ್ಷಗಟ್ಟಲೆ ತಿಳಿಯುವುದಿಲ್ಲ. ಮೂರನೆಯದು ಬಿಂಜ್ ಈಟಿಂಗ್: ಹಸಿವಿಲ್ಲದಿದ್ದರೂ ಕೈ ನಿಲ್ಲುವುದಿಲ್ಲ, ತಿಂದ ಮೇಲೆ ನಾಚಿಕೆ, ಆದರೆ ಹೊರಹಾಕುವುದಿಲ್ಲ.

ಥೈರಾಯ್ಡ್, ಕ್ಷಯ, ಸಕ್ಕರೆ ಕಾಯಿಲೆ, ಕರುಳಿನ ಉರಿಯೂತ ಇವುಗಳಿಂದಲೂ ತೂಕ ಇಳಿಯಬಹುದು. ಅವು ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳುವುದು ವೈದ್ಯರ ಕೆಲಸ.

ನಮ್ಮ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಎಷ್ಟಿವೆ?

ಒಬ್ಬ ವಯಸ್ಕನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಎಂದು 2016ರ ಒಂದು ಲೆಕ್ಕಾಚಾರ ಹೇಳುತ್ತದೆ. ನಮ್ಮ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಹೆಚ್ಚುಕಡಿಮೆ ಸರಿಸಮ. ಎಲ್ಲ ಬ್ಯಾಕ್ಟೀರಿಯಾಗಳನ್ನೂ ಕೂಡಿಸಿ ತೂಗಿದರೆ ಕಾಲು ಕಿಲೋ ಕೂಡ ಆಗುವುದಿಲ್ಲ. ಬಹುಪಾಲು ದೊಡ್ಡ ಕರುಳಿನಲ್ಲಿವೆ. ನಮಗೆ ಜೀರ್ಣವಾಗದ ನಾರು, ಪಿಷ್ಟ ಅಲ್ಲಿಗೆ ತಲುಪಿದಾಗ ಅವು ಅದನ್ನು ಹುದುಗಿಸಿ ಬ್ಯುಟಿರೇಟ್, ಅಸಿಟೇಟ್, ಪ್ರೊಪಿಯೊನೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಕರುಳಿನ ಒಳಪದರದ ಮುಖ್ಯ ಆಹಾರವೇ ಬ್ಯುಟಿರೇಟ್. ದೋಸೆ ಹಿಟ್ಟು ರಾತ್ರಿ ಉಬ್ಬುವುದು ನಿಮಗೆ ಗೊತ್ತಲ್ಲ, ಅದೇ ಜಾತಿಯ ಕೆಲಸ. ಪಾತ್ರೆ ಮಾತ್ರ ಬೇರೆ.

ಕರುಳಿನಲ್ಲಿ ಕುಳಿತ ಬ್ಯಾಕ್ಟೀರಿಯಾ ಹಸಿವನ್ನು ಹೇಗೆ ಬದಲಿಸುತ್ತದೆ?

ಇದಕ್ಕೆ ದಾರಿಗಳು ಹಲವು, ನನಗೆ ಅತ್ಯಂತ ಸ್ವಾರಸ್ಯವೆನಿಸುವ ಭಾಗವೂ ಇದೇ.

ಮೊದಲನೆಯದು ನರ. ಮಿದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ಎಂಬ ಉದ್ದದ ನರವಿದೆ. ಮಿದುಳು ಅದರ ಮೂಲಕ ಹೊಟ್ಟೆಗೆ ಆಜ್ಞೆ ಕೊಡುತ್ತದೆ ಎಂದುಕೊಳ್ಳುತ್ತೇವೆ, ಆದರೆ ಅದರ ಎಳೆಗಳಲ್ಲಿ ಹೆಚ್ಚಿನವು ಮೇಲ್ಮುಖವಾದವು. ಹೊಟ್ಟೆಯೇ ಮಿದುಳಿಗೆ ವರದಿ ಒಪ್ಪಿಸುತ್ತಿರುತ್ತದೆ. ಎರಡನೆಯದು ಹಾರ್ಮೋನು. ಮೇಲೆ ಹೇಳಿದ ಕೊಬ್ಬಿನಾಮ್ಲಗಳು ಕರುಳಿನ ಗೋಡೆಯ ಕೋಶಗಳನ್ನು ತಟ್ಟಿದಾಗ ಅವು 'ಸಾಕು' ಎಂದು ಹೇಳುವ ಹಾರ್ಮೋನುಗಳನ್ನು ಬಿಡುತ್ತವೆ. ಮೈಯಲ್ಲಿರುವ, ಮನಸ್ಸಿನ ಸ್ಥಿತಿಗೆ ನಂಟಿರುವ ರಾಸಾಯನಿಕವಾದ ಸೆರೊಟೋನಿನ್‌ನಲ್ಲಿ ಶೇಕಡ 90ರಷ್ಟು ತಯಾರಾಗುವುದು ಕರುಳಿನಲ್ಲಿಯೇ ಎಂಬುದನ್ನು ನೀವು ವಿಡಿಯೋಗಳಲ್ಲಿ ಕೇಳಿರುತ್ತೀರಿ. ಅದು ನಿಜ. ಅವರು ಹೇಳದೆ ಬಿಡುವ ಮಾತೆಂದರೆ, ಆ ಸೆರೊಟೋನಿನ್ ರಕ್ತದಿಂದ ಮಿದುಳಿನೊಳಗೆ ದಾಟುವುದಿಲ್ಲ. ಅದರ ಕೆಲಸ ಬಹುಮಟ್ಟಿಗೆ ಕರುಳಿನ ಚಲನೆಗೆ ಸೇರಿದ್ದು.

ಮೂರನೆಯದು ವೇಷದ ಕಥೆ. ಯಕ್ಷಗಾನದ ಊರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಮಿದುಳಿನಲ್ಲಿ ಹಸಿವನ್ನು ಇಳಿಸುವ ಆಲ್ಫಾ ಎಂಎಸ್ಎಚ್ ಎಂಬ ಹಾರ್ಮೋನಿದೆ. ಕರುಳಿನಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾ ತಯಾರಿಸುವ ಕ್ಲ್ಪ್‌ಬಿ ಎಂಬ ಪ್ರೋಟೀನಿನ ಒಂದು ತುಣುಕು ನೋಡಲು ಆ ಹಾರ್ಮೋನಿನಂತೆಯೇ ಇದೆ. ರೋಗನಿರೋಧಕ ವ್ಯವಸ್ಥೆ ಬ್ಯಾಕ್ಟೀರಿಯಾದ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ವೇಷ ಒಂದೇ ಆದ್ದರಿಂದ ಆ ಪ್ರತಿಕಾಯಗಳು ನಮ್ಮ ಹಾರ್ಮೋನಿಗೂ ಅಂಟಿಕೊಳ್ಳುತ್ತವೆ, ಹಸಿವಿನ ಲೆಕ್ಕ ಏರುಪೇರಾಗಬಹುದು. ಫ್ರಾನ್ಸಿನ ರೂವಾಂ ನಗರದ ಸಂಶೋಧಕರು 2014ರಲ್ಲಿ ಇದನ್ನು ಪ್ರಕಟಿಸಿದರು. ಅನೊರೆಕ್ಸಿಯಾ, ಬುಲಿಮಿಯಾ, ಬಿಂಜ್ ಈಟಿಂಗ್ ಇರುವವರ ರಕ್ತದಲ್ಲಿ ಇಂಥ ಪ್ರತಿಕಾಯಗಳು ಹೆಚ್ಚಿದ್ದವು. ಅದೇ ತಂಡ 2016ರಲ್ಲಿ ಇನ್ನೊಂದು ಸಂಗತಿ ತೋರಿಸಿತು: ಆಹಾರ ಸಿಕ್ಕ ಇ. ಕೊಲೈ ವೇಗವಾಗಿ ಬೆಳೆದು ಸುಮಾರು 20 ನಿಮಿಷಗಳಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ. ಆ ಹಂತದ ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನು ಕೊಟ್ಟ ಇಲಿಗಳು ಕಡಿಮೆ ತಿಂದವು. ಊಟಕ್ಕೆ ಕುಳಿತು ಅಷ್ಟೇ ಹೊತ್ತಿಗೆ ನಮಗೆ ಹೊಟ್ಟೆ ತುಂಬಿದಂತಾಗುತ್ತದೆ. ನಾವು ಉಂಡು ಎದ್ದೆವು ಎಂದುಕೊಳ್ಳುವಾಗ ನಮ್ಮ ಪಂಕ್ತಿಯಲ್ಲಿ ಬ್ಯಾಕ್ಟೀರಿಯಾಗಳೂ ಉಂಡು ಎದ್ದಿರುತ್ತವೆಯೋ ಏನೋ.

ಹಾಗಾದರೆ ಬ್ಯಾಕ್ಟೀರಿಯಾವೇ ಕಾರಣ ಎನ್ನಬಹುದಲ್ಲ?

ಅನ್ನಲು ಬರುವುದಿಲ್ಲ. ಅನೊರೆಕ್ಸಿಯಾ ಇರುವವರ ಕರುಳಿನ ಬ್ಯಾಕ್ಟೀರಿಯಾ ಬೇರೆಯಾಗಿರುತ್ತದೆ ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಬ್ಯುಟಿರೇಟ್ ಮಾಡುವ ಕೆಲವು ಜಾತಿಗಳು ಕಡಿಮೆ. ಮೀಥೇನ್ ಅನಿಲ ಬಿಡುವ ಮೆಥನೊಬ್ರೆವಿಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿ ಹೆಚ್ಚು. ಆದರೆ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇದ್ದವರ ಕರುಳು ಬೇರೆಯಾಗದೆ ಇನ್ನೇನಾದೀತು? ಆಹಾರ ಪೂರ್ತಿ ಬದಲಾದರೆ ಆರೋಗ್ಯವಂತರ ಕರುಳಿನ ಬ್ಯಾಕ್ಟೀರಿಯಾವೂ ಕೆಲವೇ ದಿನಗಳಲ್ಲಿ ಬದಲಾಗುತ್ತದೆ. ಬಾವಿ ಬತ್ತಿದ್ದಕ್ಕೆ ತೋಟ ಒಣಗಿತೋ, ತೋಟ ಕುಡಿದದ್ದಕ್ಕೆ ಬಾವಿ ಬತ್ತಿತೋ ಎಂದು ಏಪ್ರಿಲಿನಲ್ಲಿ ನಿಂತು ನೋಡಿದರೆ ಹೇಳಲಾಗುವುದಿಲ್ಲ.

ಇದನ್ನು ಬಿಡಿಸಲು ವಿಜ್ಞಾನಿಗಳು ಇಲಿಗಳ ಮೊರೆ ಹೋದರು. ಡೆನ್ಮಾರ್ಕಿನ ನೇತೃತ್ವದ ಒಂದು ತಂಡ ಅನೊರೆಕ್ಸಿಯಾ ಇರುವ 77 ಮಹಿಳೆಯರನ್ನೂ ಆರೋಗ್ಯವಂತ 70 ಮಹಿಳೆಯರನ್ನೂ ಹೋಲಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಬ್ಯಾಕ್ಟೀರಿಯಾವೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಕೆಲವಕ್ಕೆ ರೋಗಿಗಳ, ಕೆಲವಕ್ಕೆ ಆರೋಗ್ಯವಂತರ ಮಲವನ್ನು ಕರುಳಿಗೆ ಸೇರಿಸಿ, ಆಹಾರ ಕಡಿಮೆ ಕೊಟ್ಟಾಗ, ರೋಗಿಗಳ ಮಲ ಪಡೆದ ಇಲಿಗಳು ಹೆಚ್ಚು ತೂಕ ಕಳೆದುಕೊಂಡವು, ನಿಧಾನವಾಗಿ ಚೇತರಿಸಿಕೊಂಡವು. ಅಲ್ಲಿಗೆ ಮುಗಿಯಿತು ಎನ್ನುವ ಹಾಗಿಲ್ಲ. 2021ರಲ್ಲಿ ಅಮೆರಿಕದ ತಂಡವೊಂದು ಇಂಥದ್ದೇ ಪ್ರಯೋಗ ಮಾಡಿದಾಗ ಇಲಿಗಳ ತೂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ವಿಡಿಯೋ ಮಾಡುವವರಿಗೆ ಈ ಎರಡನೆಯ ಪ್ರಯೋಗ ಎಂದೂ ಸಿಗುವುದಿಲ್ಲ.

ನಾನು ಇದುವರೆಗೆ ಓದಿ ಅರ್ಥ ಮಾಡಿಕೊಂಡದ್ದು ಇಷ್ಟು: ಬೆಂಕಿ ಹಚ್ಚುವುದು ಬೇರೆ ಯಾವುದೋ, ಆರದಂತೆ ಊದುತ್ತಿರುವವರಲ್ಲಿ ಬ್ಯಾಕ್ಟೀರಿಯಾವೂ ಒಂದು. ವಂಶವಾಹಿಯ ಪಾಲು ದೊಡ್ಡದು. 2019ರಲ್ಲಿ ಅನೊರೆಕ್ಸಿಯಾ ಇರುವ ಸುಮಾರು 17,000 ಮಂದಿಯ ವಂಶವಾಹಿಗಳನ್ನು ಪರಿಶೀಲಿಸಿದಾಗ ಕಾಯಿಲೆಯ ಜೊತೆ ನಂಟಿರುವ ಎಂಟು ಜಾಗಗಳು ಸಿಕ್ಕವು, ಮತ್ತು ನಂಟು ಮನಸ್ಸಿಗಷ್ಟೇ ಅಲ್ಲ, ಮೈಯ ಚಯಾಪಚಯಕ್ಕೂ ಇತ್ತು.

ಚಿಕ್ಕಂದಿನಲ್ಲಿ ಆಂಟಿಬಯೋಟಿಕ್ ತುಂಬ ಕೊಟ್ಟಿದ್ದೆವು. ಅದರಿಂದ ಹೀಗಾಯಿತೇ?

ಈ ಪ್ರಶ್ನೆ ಕೇಳುವುದು ಯಾವಾಗಲೂ ಅಮ್ಮಂದಿರು, ಯಾವಾಗಲೂ ತಗ್ಗಿದ ದನಿಯಲ್ಲಿ. ಡೆನ್ಮಾರ್ಕಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಹುಡುಗಿಯರ ಆರೋಗ್ಯ ದಾಖಲೆಗಳನ್ನು ನೋಡಿದ 2019ರ ಅಧ್ಯಯನದಲ್ಲಿ, ಗಂಭೀರ ಸೋಂಕಿಗೆ ಆಸ್ಪತ್ರೆ ಸೇರಿದ್ದವರಲ್ಲಿ ಊಟದ ಕಾಯಿಲೆ ಸ್ವಲ್ಪ ಹೆಚ್ಚಾಗಿತ್ತು. ಕಾರಣ ಸೋಂಕೋ, ಔಷಧಿಯೋ, ಎರಡರ ಹಿಂದಿರುವ ಮತ್ತೊಂದೋ, ಆ ಲೆಕ್ಕದಿಂದ ತಿಳಿಯುವುದಿಲ್ಲ. ನ್ಯುಮೋನಿಯಾ ಬಂದ ಮಗುವಿಗೆ ಆಂಟಿಬಯೋಟಿಕ್ ಕೊಟ್ಟದ್ದಕ್ಕೇ ಅದು ಬದುಕಿದೆ. ತಪ್ಪು ಹೊತ್ತುಕೊಳ್ಳಬೇಡಿ.

ಇದು ಬರೀ ಹಠ ಅಲ್ಲವೇ? ಎರಡು ಪೆಟ್ಟು ಕೊಟ್ಟರೆ ಸರಿಹೋಗುವುದಿಲ್ಲವೇ?

ಇಲ್ಲ. ಉಪವಾಸಕ್ಕೆ ಬಿದ್ದ ಮಿದುಳು ಏನೇನು ಮಾಡುತ್ತದೆ ಎಂಬುದಕ್ಕೆ ಒಂದು ಹಳೆಯ ಸಾಕ್ಷಿಯಿದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಎಲ್ಲರೂ ತಾವಾಗಿ ಒಪ್ಪಿ ಬಂದವರು. ಸುಮಾರು ಕಾಲುಭಾಗ ತೂಕ ಇಳಿಯಿತು. ಅವರಿಗೆ ಹಗಲಿರುಳು ಊಟದ್ದೇ ಯೋಚನೆ ಹತ್ತಿತು. ಅಡುಗೆ ಪುಸ್ತಕ ಸಂಗ್ರಹಿಸಿದರು, ತಟ್ಟೆ ನೆಕ್ಕಿದರು, ಒಂದು ಊಟವನ್ನು ಗಂಟೆಗಟ್ಟಲೆ ಎಳೆದರು, ಖಿನ್ನರಾದರು. ಪ್ರಯೋಗ ಮುಗಿದ ಮೇಲೆ ಕೆಲವರಿಗೆ ಎಷ್ಟು ತಿಂದರೂ ಸಾಕಾಗಲಿಲ್ಲ. ಅವರಾರಿಗೂ ಮೊದಲು ಇಂಥ ಹಠವಿರಲಿಲ್ಲ.

ತಾನು ಒಂದು ತುತ್ತೂ ತಿನ್ನದೆ ಮನೆಮಂದಿಗೆಲ್ಲ ಹೋಳಿಗೆ ಮಾಡಿ ಬಡಿಸುವ ಹುಡುಗಿಯನ್ನು ನೋಡಿ "ನಾಟಕ ಮಾಡುತ್ತಾಳೆ" ಎನ್ನುವ ಅಜ್ಜಿಯರಿಗೆ ನಾನು ಈ ಕಥೆಯನ್ನೇ ಹೇಳುವುದು.

ನಾಲ್ಕು ತುತ್ತು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಎನ್ನುತ್ತಾಳೆ. ನೆಪವೇ?

ಬಹಳ ಸಲ ನೆಪವಲ್ಲ. ದೀರ್ಘಕಾಲ ಕಡಿಮೆ ತಿಂದವರ ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಮಲಬದ್ಧತೆ ಸೇರಿಕೊಳ್ಳುತ್ತದೆ, ಕರುಳಿನಲ್ಲಿ ಅನಿಲದ ಲೆಕ್ಕ ಬದಲಾಗುತ್ತದೆ. ನಾಲ್ಕು ತುತ್ತಿಗೆ ಹಬ್ಬದ ಊಟ ಉಂಡಷ್ಟು ಭಾರವಾಗುವುದು ನಿಜವಾದ ಅನುಭವ. ಅದಕ್ಕೆ ಮದ್ದು ಮತ್ತೆ ಊಟವೇ, ಹೊತ್ತಿಗೆ ಸರಿಯಾಗಿ, ಸ್ವಲ್ಪಸ್ವಲ್ಪವಾಗಿ. "ಉಬ್ಬರ ಹೋದ ಮೇಲೆ ತಿನ್ನಲಿ" ಎಂದು ಕಾದರೆ ಉಬ್ಬರವೂ ಹೋಗುವುದಿಲ್ಲ.

ಸುಲಭವಾಗಿ ಜೀರ್ಣವಾಗಲಿ ಎಂದು ಗಂಜಿ ಮಾತ್ರ ಕೊಡುತ್ತಿದ್ದೇವೆ. ಸರಿಯೇ?

ಇಲ್ಲಿ ನಾನು ಜಗಳಕ್ಕೇ ನಿಲ್ಲುತ್ತೇನೆ. ಕುಚ್ಚಲಕ್ಕಿ ಗಂಜಿ ನನಗೂ ಪ್ರಾಣ. ಆದರೆ ಕಾಯಿಲೆಯವರಿಗೆಂದು ಮಾಡುವ ಗಂಜಿಯಲ್ಲಿ ಒಂದು ಸೌಟು ಅನ್ನ, ನಾಲ್ಕು ಸೌಟು ತಿಳಿ. ಜಠರ ತುಂಬಿಹೋಗುತ್ತದೆ, ಮೈಗೆ ಏನೂ ಸಿಕ್ಕುವುದಿಲ್ಲ. ಮೊದಲೇ ನಿಧಾನವಾಗಿರುವ ಹೊಟ್ಟೆಗೆ ನೀರಿನ ಭಾರ ಬೇರೆ. ಕೊಡುವುದಾದರೆ ದಪ್ಪಗೆ ಬಸಿದು, ತುಪ್ಪ ಹಾಕಿ, ಕಾಯಿಚಟ್ನಿಯೋ ಹೆಸರುಕಾಳಿನ ಪಲ್ಯವೋ ಮೊಟ್ಟೆಯೋ ಜೊತೆಗಿಟ್ಟು ಕೊಡಿ. ನಮ್ಮಲ್ಲಿ ತೆಂಗಿನಕಾಯಿಗೆ ಬರವಿಲ್ಲ. ತುರಿದು ಹಾಕಲು ಹಿಂಜರಿಕೆ ಯಾಕೆ?

ಇದೇ ಕಾರಣಕ್ಕೆ, 'ಬ್ಯಾಕ್ಟೀರಿಯಾಕ್ಕೆ ನಾರು ಒಳ್ಳೆಯದು' ಎಂದು ಓದಿಕೊಂಡು ಬಸಳೆ, ಬಾಳೆದಿಂಡು, ಹಸಿ ತರಕಾರಿಗಳನ್ನೇ ತಟ್ಟೆಗೆ ತುಂಬಬೇಡಿ. ಆರೋಗ್ಯವಂತರಿಗೆ ಆ ಮಾತು ಸರಿ. ತೀರಾ ಬಡಕಲಾದವಳಿಗೆ ಅದು ತಿನ್ನದಿರಲು ಒಳ್ಳೆಯ ಹೆಸರಿನ ದಾರಿಯಾಗುತ್ತದೆ. ನಾರು ಆಮೇಲೆ, ಹಂತಹಂತವಾಗಿ.

ಮೊಸರು, ಮಜ್ಜಿಗೆ, ತಂಗಳನ್ನ, ಉಪ್ಪಿನ ಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ) ಇವುಗಳಿಂದ ಗುಣವಾಗುತ್ತದೆಯೇ?

ಒಳ್ಳೆಯ ಆಹಾರ, ಔಷಧಿಯಲ್ಲ. ಮನೆಯ ಮೊಸರಿನ ಬ್ಯಾಕ್ಟೀರಿಯಾಗಳು ಕರುಳಿನ ಮೂಲಕ ಹಾದುಹೋಗುವ ನೆಂಟರು. ಹೆಚ್ಚಿನವು ಅಲ್ಲಿ ಬಿಡಾರ ಹೂಡುವುದಿಲ್ಲ. ಗಟ್ಟಿ ಮೊಸರಿನಲ್ಲಿ ಪ್ರೋಟೀನು, ಕ್ಯಾಲ್ಸಿಯಂ, ಕೊಬ್ಬು ಇದೆ, ಆ ಕಾರಣಕ್ಕೇ ಕೊಡಬಹುದು. ನೀರುಮಜ್ಜಿಗೆಗೆ ಗಂಜಿ ತಿಳಿಯ ಮಾತೇ ಅನ್ವಯ. ಆರಿದ ಅನ್ನದ ಪಿಷ್ಟ ಸ್ವಲ್ಪ ಭಾಗ ಜೀರ್ಣವಾಗದೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಸಿಗುತ್ತದೆ, ನಿಜ. ಉಪ್ಪಿನ ಸೊಳೆಯನ್ನು ಯಾರೂ ಹಾಗೆಯೇ ತಿನ್ನುವುದಿಲ್ಲ, ಬೇಯಿಸುತ್ತೇವೆ. ಬೆಂದ ಮೇಲೆ ಅದರಲ್ಲಿ ಬದುಕಿರುವ ಬ್ಯಾಕ್ಟೀರಿಯಾ ಎಲ್ಲಿಂದ ಬರಬೇಕು?

ಔಷಧಿ ಅಂಗಡಿಯ ಪ್ರೋಬಯಾಟಿಕ್ (ಬದುಕಿರುವ ಬ್ಯಾಕ್ಟೀರಿಯಾದ ಮಾತ್ರೆ, ಪುಡಿ)?

ಅನೊರೆಕ್ಸಿಯಾ ಅಥವಾ ಬುಲಿಮಿಯಾವನ್ನು ಗುಣಪಡಿಸುತ್ತದೆ ಎಂದು ಸಾಬೀತಾದ ಪ್ರೋಬಯಾಟಿಕ್ ಒಂದೂ ಇಲ್ಲ. ಆ ದುಡ್ಡಿಗೆ ನೆಲಗಡಲೆ, ತುಪ್ಪ, ಮೊಟ್ಟೆ ಬರುತ್ತವೆ. ರೋಗನಿರೋಧಕ ಶಕ್ತಿ ತೀರಾ ಕುಂದಿದವರಿಗೆ ಅಪರೂಪಕ್ಕೆ ಅದರಿಂದಲೇ ರಕ್ತದ ಸೋಂಕು ಆದದ್ದೂ ಇದೆ. ವೈದ್ಯರನ್ನು ಕೇಳದೆ ಬೇಡ.

ಮಲ ಕಳುಹಿಸಿದರೆ ಬ್ಯಾಕ್ಟೀರಿಯಾದ ಪಟ್ಟಿ ಕೊಡುವ ಪರೀಕ್ಷೆ ಮಾಡಿಸಬೇಕೇ?

ಬೇಡ. ಪಟ್ಟಿ ಬರುತ್ತದೆ, ಬಣ್ಣದ ಚಿತ್ರವೂ ಬರುತ್ತದೆ. ಅದನ್ನು ನೋಡಿ ಚಿಕಿತ್ಸೆ ಬದಲಿಸುವ ವಿದ್ಯೆ ಇನ್ನೂ ಯಾರ ಕೈಯಲ್ಲೂ ಇಲ್ಲ. ಅದರ ಬದಲು ರಕ್ತದ ಪೊಟ್ಯಾಸಿಯಂ, ಫಾಸ್ಫೇಟ್ ಪರೀಕ್ಷೆ, ಹೃದಯದ ಇಸಿಜಿ ಮಾಡಿಸಿ.

ಬೇರೆಯವರ ಮಲವನ್ನು ಕರುಳಿಗೆ ಸೇರಿಸುವ ಚಿಕಿತ್ಸೆ?

ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಮರಳಿ ಮರಳಿ ಬರುವ ಭೇದಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಅನೊರೆಕ್ಸಿಯಾದಲ್ಲಿ, 2019ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಒಬ್ಬ ಯುವತಿಗೆ ಮಾಡಿ ತೂಕ ಏರಿದ್ದನ್ನು ವರದಿ ಮಾಡಿದ್ದಾರೆ. ಒಬ್ಬರಿಂದ ಊರು ಕಟ್ಟಲಾಗುವುದಿಲ್ಲ.

ಯಾರೋ ಕೈವಿಷ ಹಾಕಿದ್ದಾರೆ, ವಾಂತಿ ಮಾಡಿಸಿ ತೆಗೆಸಬೇಕು ಎನ್ನುತ್ತಾರೆ. ಏನು ಮಾಡಲಿ?

ದಯವಿಟ್ಟು ಮಾಡಿಸಬೇಡಿ. ಊಟ ಸೇರದೆ ಸೊರಗುವವರಿಗೆ ಯಾರೋ ಆಹಾರದಲ್ಲಿ ಮದ್ದು ಹಾಕಿದ್ದಾರೆ ಎಂಬ ನಂಬಿಕೆ ಇಲ್ಲಿ ಮಲಯಾಳ ಮಾತನಾಡುವವರಲ್ಲೂ ಇದೆ, ಕನ್ನಡ, ತುಳುವಿನವರಲ್ಲೂ ಇದೆ. ನಂಬಿಕೆಯ ಬಗ್ಗೆ ವಾದಕ್ಕೆ ಕುಳಿತರೆ ಮನೆಯವರು ಮತ್ತೆ ಬರುವುದಿಲ್ಲ, ಹಾಗಾಗಿ ನಾನು ಪೊಟ್ಯಾಸಿಯಂ ಬಗ್ಗೆ ಮಾತ್ರ ಮಾತನಾಡುತ್ತೇನೆ. ವಾಂತಿಯಲ್ಲಿ, ಭೇದಿಯಲ್ಲಿ ಮೈಯ ಪೊಟ್ಯಾಸಿಯಂ ಸೋರುತ್ತದೆ. ಅದು ತೀರಾ ಇಳಿದರೆ ಹೃದಯದ ಬಡಿತ ತಪ್ಪುತ್ತದೆ. ಮೊದಲೇ ತಿನ್ನದೆ ಬಳಲಿದವಳಿಗೆ, ಅಥವಾ ಗುಟ್ಟಾಗಿ ದಿನವೂ ವಾಂತಿ ಮಾಡುತ್ತಿರುವ ಬುಲಿಮಿಯಾದವಳಿಗೆ, ನೀವು ಬೇರೆ ವಾಂತಿ ಮಾಡಿಸಿದರೆ ಏನಾದೀತು ಯೋಚಿಸಿ. ಹರಳೆಣ್ಣೆ, ಭೇದಿ ಮಾತ್ರೆಗೂ ಇದೇ ಮಾತು. ದೈವಕ್ಕೆ ಹರಕೆ ಹೇಳಿಕೊಳ್ಳುವುದಾದರೆ ಹೇಳಿಕೊಳ್ಳಿ, ನನ್ನ ಅಡ್ಡಿಯಿಲ್ಲ. ಹೊಟ್ಟೆಗೆ ಮಾತ್ರ ಏನನ್ನೂ ಸುರಿಯಬೇಡಿ.

ಇಷ್ಟು ದಿನ ತಿನ್ನಲಿಲ್ಲ, ಈಗ ಒಪ್ಪಿದ್ದಾಳೆ. ಒಮ್ಮೆಲೇ ಚೆನ್ನಾಗಿ ತಿನ್ನಿಸಬಹುದೇ?

ತೂಕ ಬಹಳ ಇಳಿದಿದ್ದರೆ, ಅಥವಾ ಹತ್ತು ದಿನ ಹೆಚ್ಚುಕಡಿಮೆ ಏನೂ ತಿಂದಿರದಿದ್ದರೆ, ಮನೆಯಲ್ಲಿ ಈ ಸಾಹಸ ಬೇಡ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೆರೆಶಿಬಿರಗಳಿಂದ ಬಿಡುಗಡೆಯಾದವರಲ್ಲಿ ಕೆಲವರು ಹೊಟ್ಟೆ ತುಂಬ ಉಂಡ ಮೇಲೆಯೇ ಸತ್ತದ್ದನ್ನು ವೈದ್ಯರು ಕಂಡರು. ಹಸಿದ ಕೋಶಗಳಿಗೆ ಒಮ್ಮೆಲೇ ಸಕ್ಕರೆ ಅಂಶ ಬಂದಾಗ ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಕೋಶದೊಳಕ್ಕೆ ನುಗ್ಗಿ, ಹೃದಯ, ಶ್ವಾಸಕೋಶಗಳು ಸೋಲುತ್ತವೆ. ಅಪಾಯ ಮೊದಲ ವಾರದಲ್ಲಿ ಹೆಚ್ಚು. ಆಸ್ಪತ್ರೆಯಲ್ಲಿ ದಿನವೂ ರಕ್ತ ಪರೀಕ್ಷಿಸುತ್ತ, ಥಯಾಮಿನ್ (ಬಿ1 ವಿಟಮಿನ್) ಕೊಡುತ್ತ, ಊಟವನ್ನು ಏರಿಸುತ್ತಾರೆ.

ತಲೆಸುತ್ತಿ ಬೀಳುವುದು, ಹಗಲಿನಲ್ಲಿ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿಯುವುದು, ಎದೆನೋವು, ಕಾಲು ಊದುವುದು, ನೀರೂ ಬೇಡ ಎನ್ನುವುದು ಕಂಡರೆ ಅದೇ ದಿನ ಹೊರಡಿ. ಗಲ್ಫಿನಲ್ಲಿರುವ ಅಪ್ಪನಿಗೆ ವಿಡಿಯೋ ಕರೆಯಲ್ಲಿ ಮುಖ ತೋರಿಸಿ ಒಪ್ಪಿಗೆ ಪಡೆಯುವುದನ್ನು ದಾರಿಯಲ್ಲಿ ಮಾಡಬಹುದು.

ಗಂಡುಮಕ್ಕಳಿಗೂ ಬರುತ್ತದೆಯೇ?

ಬರುತ್ತದೆ. ಜಿಮ್, ಪ್ರೋಟೀನ್ ಪುಡಿಗಳ ನಡುವೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಏಕಾದಶಿ, ಶನಿವಾರದ ಒಪ್ಪತ್ತು, ರಂಜಾನ್ ಉಪವಾಸ ಮಾಡಬಹುದೇ?

ಚಿಕಿತ್ಸೆಯಲ್ಲಿರುವಾಗ ಬೇಡ. ರೋಗಿಗಳಿಗೆ ಎಲ್ಲ ಸಂಪ್ರದಾಯಗಳಲ್ಲೂ ವಿನಾಯಿತಿ ಇದೆ. ಹಿಂದೆಂದೂ ವ್ರತ ಹಿಡಿಯದವಳು ಇದ್ದಕ್ಕಿದ್ದಂತೆ ವಾರಕ್ಕೆ ಮೂರು ವ್ರತ ಹಿಡಿದರೆ ಭಕ್ತಿ ಹೆಚ್ಚಿತೆಂದು ಸಂತೋಷಪಡುವ ಮೊದಲು ಅವಳ ಬಟ್ಟೆ ಸಡಿಲವಾಗಿದೆಯೇ, ಮುಟ್ಟು ನಿಂತಿದೆಯೇ ನೋಡಿ.

ತೂಕ ಬಂದ ಮೇಲೆ ಬ್ಯಾಕ್ಟೀರಿಯಾ ಮೊದಲಿನಂತಾಗುತ್ತದೆಯೇ?

ಬೇಗ ಆಗುವುದಿಲ್ಲ. ಜರ್ಮನಿಯಲ್ಲಿ ಅನೊರೆಕ್ಸಿಯಾ ಇರುವ 55 ಮಂದಿಯನ್ನು ಚಿಕಿತ್ಸೆಗೆ ಮೊದಲೂ ತೂಕ ಏರಿದ ಮೇಲೂ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ಯಾಕ್ಟೀರಿಯಾದ ಬಳಗ ಆರೋಗ್ಯವಂತರದ್ದಕ್ಕಿಂತ ಬೇರೆಯಾಗಿಯೇ ಉಳಿದಿತ್ತು, ಹೊಟ್ಟೆಯ ತೊಂದರೆಗಳೂ ಉಳಿದಿದ್ದವು. ಮನೆಯವರು ಇದನ್ನು ತಿಳಿದಿರಬೇಕು. "ತೂಕ ಬಂತಲ್ಲ, ಇನ್ನೇನು ಉಬ್ಬರ?" ಎಂದು ಗದರಿಸಿದಲ್ಲಿಂದಲೇ ಎಷ್ಟೋ ಸಲ ಕಾಯಿಲೆ ಮರಳಿ ಶುರುವಾಗುತ್ತದೆ. ಮದುವೆ ಮನೆಯಲ್ಲಿ ಯಾರೋ "ಈಗ ಸ್ವಲ್ಪ ಉರುಟಾಗಿದ್ದೀಯಲ್ಲ" ಎಂದರೂ ಸಾಕು.

ಹಾಗಾದರೆ ಚಿಕಿತ್ಸೆ ಯಾವುದು, ಎಲ್ಲಿ ತೋರಿಸುವುದು?

ಹದಿಹರೆಯದವರ ಅನೊರೆಕ್ಸಿಯಾಕ್ಕೆ ತಂದೆ ತಾಯಿಯೇ ಊಟದ ಹೊಣೆ ಹೊರುವ ಕುಟುಂಬ ಚಿಕಿತ್ಸೆಗೆ ಒಳ್ಳೆಯ ಆಧಾರವಿದೆ. ಬುಲಿಮಿಯಾ, ಬಿಂಜ್ ಈಟಿಂಗ್‌ಗಳಿಗೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆ. ಬುಲಿಮಿಯಾಕ್ಕೆ ಫ್ಲೂಆಕ್ಸೆಟಿನ್ ಮಾತ್ರೆಯೂ ನೆರವಾಗುತ್ತದೆ. ಮನೋವೈದ್ಯರು, ಫಿಸಿಶಿಯನ್, ಪಥ್ಯಾಹಾರ ತಜ್ಞರು ಮೂವರೂ ಬೇಕು.

ಇಲ್ಲಿ ಭಾಷೆಯೂ ಚಿಕಿತ್ಸೆಯ ಭಾಗ. ಮುರಿದ ಕೈಯನ್ನು ಯಾವ ಭಾಷೆಯಲ್ಲಿ ಬೇಕಾದರೂ ತೋರಿಸಬಹುದು. ಕನ್ನಡಿ ನೋಡಿದರೆ ಯಾಕೆ ಅಳು ಬರುತ್ತದೆ ಎಂಬುದನ್ನು ಅರ್ಧಂಬರ್ಧ ಮಲಯಾಳದಲ್ಲಿ ಹೇಳಲಾಗುವುದಿಲ್ಲ. ಮಂಜೇಶ್ವರ, ಕುಂಬಳೆಯವರು ಮಂಗಳೂರಿಗೆ ಹೋಗುವುದು ಬರೀ ಹತ್ತಿರವೆಂದಲ್ಲ. ಹೋಗಲಾಗದವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ಕಿನಲ್ಲಿ ಕನ್ನಡ ಬಲ್ಲವರು ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಕೇರಳ ಸರಕಾರದ ದಿಶಾ ಸಹಾಯವಾಣಿ 1056. ಕೇಂದ್ರದ ಟೆಲಿ ಮಾನಸ್ 14416, ಕನ್ನಡದಲ್ಲಿಯೂ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಕರೆ ಮಾಡುವಾಗ ಮಗಳ ತೂಕ, ಕಳೆದ ಮುಟ್ಟಿನ ದಿನ, ನಿನ್ನೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನು ತಿಂದಳು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ.